ನಿರ್ವಾಹಕಿ, ಸಂಯೋಜಕಿ ಹೊಣೆ ಬಿಡುತ್ತಿದ್ದೇನೆ: ಕಾರಣ ಮತ್ತು ಹಸ್ತಾಂತರದ ಮಾತು

ನೀಲಿಶಾಯಿ

ಎಲ್ಲರಿಗೂ ನಮಸ್ಕಾರ. ಬರಹ ಉದ್ದವಾಗುತ್ತದೆ, ಬಿಡುವಾದಾಗ ಓದಿ.

ಸದ್ಯ ನನ್ನ ತಲೆ ಮೇಲೆ ಮೂರು ಹೊಣೆಗಳಿವೆ: ಈ ವೇದಿಕೆಯ ನಿರ್ವಹಣೆ, ನಮ್ಮ ತಂತ್ರಾಂಶದ ಅನುವಾದ ತಂಡದ ಸಂಯೋಜನೆ, ದೇಣಿಗೆ ಖಾತೆಯ ಎರಡು ಸಹಿಗಳಲ್ಲಿ ಒಂದು. ಈ ಸಲದ ಆವೃತ್ತಿ ಬಿಡುಗಡೆಯಾದ ಕೂಡಲೇ ಇವುಗಳಿಂದ ಹಿಂದೆ ಸರಿಯುತ್ತಿದ್ದೇನೆ. ಯಾರ ಮೇಲೂ ಮುನಿಸಿಲ್ಲ. ಅಕ್ಷರಶೈಲಿಯ ಜಗಳಕ್ಕೂ ಇದಕ್ಕೂ ಸಂಬಂಧ ಇಲ್ಲ. (ಆ ಜಗಳದಲ್ಲಿ ನಾನು ಹೇಳಿದ್ದೇ ಸರಿ ಅಂತ ಈಗಲೂ ಅನ್ನಿಸುತ್ತದೆ, ಆ ಮಾತು ಬೇರೆ.)

ನಾನು ಕಥೋಲಿಕ ಕ್ರೈಸ್ತಳು. ಸಿಸ್ಟರ್ (ಸನ್ಯಾಸಿನಿ) ಆಗಬೇಕು ಅನ್ನುವ ಯೋಚನೆ ಬಹಳ ಕಾಲದಿಂದ ನನ್ನ ಬೆನ್ನು ಬಿಟ್ಟಿಲ್ಲ. ಓದು ಮುಗಿಯಲಿ, ಕೆಲಸ ಸಿಗಲಿ, ಈ ಬಿಡುಗಡೆಯೊಂದು ಆಗಲಿ ಅಂತ ಮುಂದಕ್ಕೆ ಹಾಕುತ್ತಲೇ ಬಂದೆ. ಈ ನಡುವೆ ಒಂದು ಸಭೆಯ, ಅಂದರೆ ಸನ್ಯಾಸಿನಿಯರ ಸಂಸ್ಥೆಯ, ಸಿಸ್ಟರ್‌ಗಳ ಜೊತೆ ಮಾತುಕತೆ, ‘ಬಂದು ನೋಡಿ’ ಶಿಬಿರ, ಧ್ಯಾನಕೂಟ ಎಲ್ಲ ಆಯಿತು. ಅಭ್ಯರ್ಥಿಯಾಗಿ ಬಂದು ಇರು ಎಂದು ಈಗ ಅವರೇ ಕರೆದಿದ್ದಾರೆ.

ನಾಳೆಯೇ ಉಡುಪು ತೊಟ್ಟು ಸಿಸ್ಟರ್ ಆಗಿಬಿಡುತ್ತೇನೆ ಅಂದುಕೊಳ್ಳಬೇಡಿ. ದಾರಿ ಉದ್ದವಿದೆ. ಮೊದಲು ಅಭ್ಯರ್ಥಿ, ಆಮೇಲೆ ಪೊಸ್ಟುಲಂಟ್ (ನೊವಿಶಿಯೇಟಿಗೆ ಮುಂಚಿನ ತಯಾರಿಯ ಹಂತ), ಆಮೇಲೆ ನೊವಿಶಿಯೇಟ್ (ನವಶಿಷ್ಯೆಯಾಗಿ ತರಬೇತಿ ಪಡೆಯುವ ಕಾಲ). ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ ಪ್ರಕಾರ ನೊವಿಶಿಯೇಟ್ ಕನಿಷ್ಠ 12 ತಿಂಗಳು ಇರಲೇಬೇಕು, ಎರಡು ವರ್ಷಕ್ಕಿಂತ ಉದ್ದವಾಗುವಂತೆ ಇಡಬಾರದು. ಅದು ಮುಗಿದ ಮೇಲೆ ಬಡತನ, ಬ್ರಹ್ಮಚರ್ಯ, ವಿಧೇಯತೆಯ ತಾತ್ಕಾಲಿಕ ವ್ರತಗಳು, ಅವು ಮೂರರಿಂದ ಆರು ವರ್ಷದವರೆಗೆ. ಬೇಕಾದರೆ ಒಟ್ಟು ಒಂಬತ್ತು ವರ್ಷದವರೆಗೂ ಮುಂದುವರಿಸಬಹುದು. ಶಾಶ್ವತ ವ್ರತ ಅದಾದ ಮೇಲಿನ ಮಾತು. ನೊವಿಶಿಯೇಟಿನಲ್ಲಿ ಇರುವಷ್ಟು ಕಾಲ ನಾನೂ ಎದ್ದು ಬರಬಹುದು, ಅವರೂ ಹೋಗು ಅನ್ನಬಹುದು.

ಸದ್ಯಕ್ಕೆ ನನ್ನ ಮೇಜಿನ ಮೇಲೆ ಇರುವುದು ಕಾಗದಪತ್ರಗಳ ರಾಶಿ. ದೀಕ್ಷಾಸ್ನಾನದ ಪತ್ರ, ದೃಢೀಕರಣ (ಕನ್ಫರ್ಮೇಶನ್) ಸಂಸ್ಕಾರದ ಪತ್ರ, ಮದುವೆಯ ಬಂಧನ ಇಲ್ಲ ಅನ್ನುವುದಕ್ಕೆ ಪತ್ರ, ವೈದ್ಯರ ವರದಿ, ಮನಃಶಾಸ್ತ್ರಜ್ಞರ ಜೊತೆ ಒಂದು ಸುತ್ತು ಮಾತುಕತೆ. ಯಾವ ನೌಕರಿಗೂ ನನ್ನನ್ನು ಇಷ್ಟು ಜರಡಿ ಹಿಡಿದಿರಲಿಲ್ಲ.

ನಿಮ್ಮನ್ನು ಕೇಳಬೇಕಾದದ್ದು ಎರಡು. ಮೊದಲನೆಯದು, ಯಾರು ಯಾವುದನ್ನು ವಹಿಸಿಕೊಳ್ಳುತ್ತೀರಿ? ಎರಡನೆಯದು, ಅನುವಾದ ಪರಿಶೀಲನೆಯ ಹಕ್ಕೊಂದನ್ನು ಮಾತ್ರ ಇಟ್ಟುಕೊಂಡು, ನೊವಿಶಿಯೇಟ್ ಶುರುವಾಗುವ ತನಕ ವಾರಕ್ಕೊಮ್ಮೆ ನೋಡಿಕೊಂಡಿರೋಣ ಅಂತ ಮನಸ್ಸಿದೆ. ಅದು ಸರಿಯೋ ತಪ್ಪೋ, ಮುಚ್ಚುಮರೆ ಇಲ್ಲದೆ ಹೇಳಿ.

ಕೀಲಿಮಣೆ

ಒಳ್ಳೆಯದಾಗಲಿ ಅಕ್ಕ. ಭಾವುಕ ಮಾತು ಆಮೇಲೆ ಬರೆಯುತ್ತೇನೆ, ಮೊದಲು ಕೆಲಸದ್ದು. ನಮ್ಮ ಡೊಮೇನ್ ಯಾರ ಹೆಸರಿನಲ್ಲಿದೆ? ನಿಮ್ಮ ಇಮೇಲ್‌ಗೇ ನವೀಕರಣದ ನೋಟಿಸ್ ಬರುತ್ತೆ ಅನ್ನೋ ನೆನಪು. ನೀವು ಆ ಇಮೇಲ್ ನೋಡೋದನ್ನ ನಿಲ್ಲಿಸಿದ ಮೇಲೆ ಅದರ ಅವಧಿ ಮುಗಿದರೆ ಇಡೀ ತಾಣ ನೆಗೆದುಬಿತ್ತು ಅಂತಲೇ ಲೆಕ್ಕ.

ತಡರಾತ್ರಿ

ನನಗೆ ಅರ್ಥವಾಗದ್ದನ್ನ ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾನು ದೇವರನ್ನ ನಂಬೋನಲ್ಲ. ಆದ್ರೂ ನಿಮ್ಮ ನಂಬಿಕೆ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರೋದು ಈ ಲೆಕ್ಕಾಚಾರದ ಬಗ್ಗೆ. ಇಲ್ಲಿ ನೀವು ಮಾಡ್ತಿರೋದೂ ಸೇವೆ ತಾನೆ? ಕಾಸಿಲ್ಲದೆ, ಹೆಸರಿಲ್ಲದೆ, ರಾತ್ರಿ ನಿದ್ದೆಗೆಟ್ಟು ಜನರಿಗೆ ಅವರ ಭಾಷೆಯಲ್ಲೇ ತಂತ್ರಾಂಶ ಸಿಗೋ ಹಾಗೆ ಮಾಡಿದ್ದೀರಿ. ಒಂದು ಸೇವೆ ಬಿಟ್ಟು ಇನ್ನೊಂದು ಸೇವೆಗೆ ಹೋಗೋದರಲ್ಲಿ ಲಾಭ ಏನು? ಸಿಸ್ಟರ್ ಆದ್ಮೇಲೂ ನಿಮ್ಮನ್ನ ಯಾವುದೋ ಶಾಲೆಗೋ ಆಸ್ಪತ್ರೆಗೋ ಹಾಕ್ತಾರೆ. ಅದೇ ಕೆಲಸ ಹೊರಗಿದ್ದೂ ಮಾಡಬಹುದಲ್ಲ.

ಇನ್ನೊಂದು ಮಾತು, ಇಲ್ಲಿ ದಣಿದುಹೋದೋರು ತುಂಬಾ ಜನ. ದಣಿವನ್ನೇ ಕರೆ ಅಂದ್ಕೊಂಡಿಲ್ಲ ಅನ್ನೋದು ನಿಮಗೆ ಖಾತ್ರಿ ಇದೆಯಾ?

ಕಂಬಳಿಹುಳ

ತಡರಾತ್ರಿ ಅವರ ಮೊದಲ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇಲ್ಲ, ಆದರೆ ಒಂದು ಉಪಕಥೆ ಇದೆ. ಕಂಪ್ಯೂಟರಿಗೂ ಈ ವ್ರತ ತೊಟ್ಟ ಜನಕ್ಕೂ ನಂಟು ಹಳೆಯದು. ರೊಬೆರ್ತೊ ಬೂಸಾ ಅನ್ನುವ ಯೇಸುಸಭೆಯ (ಜೆಸ್ವಿಟ್) ಪಾದ್ರಿ, ಮಧ್ಯಯುಗದ ದೇವತಾಶಾಸ್ತ್ರಜ್ಞ ಸಂತ ಥಾಮಸ್ ಅಕ್ವಿನಾಸರ ಬರಹಗಳ ಪದಸೂಚಿ ಮಾಡಬೇಕೆಂದು 1949ರಲ್ಲಿ ಐಬಿಎಂ ಕಂಪನಿಯ ಮುಖ್ಯಸ್ಥ ಥಾಮಸ್ ವಾಟ್ಸನ್ ಅವರ ಕೋಣೆಗೇ ಹೋಗಿ ಸಹಾಯ ಕೇಳಿದ್ದರು. ಪಠ್ಯವನ್ನು ಯಂತ್ರದಿಂದ ಓದಿಸುವ ಕೆಲಸದ ಚರಿತ್ರೆ ಬರೆಯುವವರಲ್ಲಿ ಅನೇಕರು ಅಲ್ಲಿಂದಲೇ ಶುರುಮಾಡುತ್ತಾರೆ.

ಸಿಸ್ಟರ್ ಮೇರಿ ಕೆನೆತ್ ಕೆಲ್ಲರ್ ಇನ್ನೊಬ್ಬರು. 1932ರಲ್ಲಿ ಸಭೆ ಸೇರಿದರು, 1965ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನದ ಡಾಕ್ಟರೇಟ್ ಪಡೆದರು. ಅಮೆರಿಕದಲ್ಲಿ ಈ ವಿಷಯದಲ್ಲಿ ಆ ಪದವಿ ಪಡೆದ ಮೊದಲ ಮಹಿಳೆ. ಆಮೇಲೆ ಕ್ಲಾರ್ಕ್ ಕಾಲೇಜಿನಲ್ಲಿ ವಿಭಾಗವನ್ನೇ ಕಟ್ಟಿ ಇಪ್ಪತ್ತು ವರ್ಷ ನಡೆಸಿದರು. ಅಂದಮೇಲೆ ನೀಲಿಶಾಯಿ ಅಕ್ಕ ಒಳಗೆ ಹೋದರೂ ಒಂದಲ್ಲ ಒಂದು ದಿನ ನಮಗೆ ದೋಷವರದಿ ಕಳಿಸಿಯೇ ಕಳಿಸುತ್ತಾರೆ ಅನ್ನುವುದು ನನ್ನ ಭವಿಷ್ಯವಾಣಿ.

ಎಣ್ಣೆದೀಪ

ನಾನಿಲ್ಲಿ ಬರೆಯುವುದು ಅಪರೂಪ. ನಾನೊಬ್ಬಳು ಸಿಸ್ಟರ್, ಶಾಶ್ವತ ವ್ರತ ಆಗಿ ಬಹಳ ವರ್ಷವಾಯಿತು. ಶಾಲೆಯ ಕಂಪ್ಯೂಟರುಗಳಲ್ಲಿ ನಿಮ್ಮ ತಂತ್ರಾಂಶವನ್ನೇ ಬಳಸುತ್ತೇವೆ. ಕೆಲ್ಲರ್ ಅವರ ಕಥೆ ಚೆನ್ನಾಗಿದೆ, ಆದರೆ ಅದರ ವರ್ಷಗಳನ್ನು ಗಮನಿಸಿ. ಸಭೆ ಸೇರಿದ್ದಕ್ಕೂ ಡಾಕ್ಟರೇಟಿಗೂ ನಡುವೆ ಮೂರು ದಶಕ ಇದೆ. ಹೊತ್ತುಕೊಂಡು ಬಂದ ಕೆಲಸವನ್ನೇ ಅವರು ಒಳಗೂ ಮುಂದುವರಿಸಿದ್ದಲ್ಲ. ಆ ಕ್ಷೇತ್ರವೇ ಅವರು ಸೇರಿದಾಗ ಹುಟ್ಟಿರಲಿಲ್ಲ.

ತಂಗಿ ನೀಲಿಶಾಯಿ, ನಿನ್ನ ಎರಡನೇ ಪ್ರಶ್ನೆಗೆ ಬರುತ್ತೇನೆ. ನೊವಿಶಿಯೇಟ್ ಬಗ್ಗೆ ಕಾನೂನು ಬಹಳ ಬಿಗಿ. ಆ 12 ತಿಂಗಳು ಪೂರ್ತಿ ರೂಪಣೆಗೇ (ವ್ರತದ ಬದುಕಿಗೆ ಬೇಕಾದ ತರಬೇತಿಗೇ) ಮೀಸಲು, ಅದಕ್ಕೆ ನೇರವಾಗಿ ನೆರವಾಗದ ಓದನ್ನೂ ಕೆಲಸವನ್ನೂ ನವಶಿಷ್ಯರಿಗೆ ಹಚ್ಚಬಾರದು ಅನ್ನುತ್ತದೆ 652ನೇ ವಿಧಿ. ಒಟ್ಟು ಮೂರು ತಿಂಗಳಿಗಿಂತ ಹೆಚ್ಚು ಕಾಲ ಆ ಮನೆಯಿಂದ ಹೊರಗಿದ್ದರೆ ನೊವಿಶಿಯೇಟೇ ಅಸಿಂಧು. ಹದಿನೈದು ದಿನ ಮೀರಿದರೂ ಅಷ್ಟನ್ನು ತುಂಬಿಕೊಡಬೇಕು. ಇನ್ನು ವ್ರತ ತೆಗೆದುಕೊಂಡ ಮೇಲೆ ಸಭೆಯ ಹೊರಗಿನ ಯಾವ ಹುದ್ದೆಯನ್ನೂ ಮೇಲಧಿಕಾರಿಯ ಅಪ್ಪಣೆ ಇಲ್ಲದೆ ಒಪ್ಪಿಕೊಳ್ಳುವ ಹಾಗಿಲ್ಲ. ಸ್ವಯಂಸೇವೆಯಾದರೂ ಅಷ್ಟೇ.

ಅಭ್ಯರ್ಥಿ ಹಂತಕ್ಕೆ ಈ ಬಿಗಿ ಇಲ್ಲ, ನಿಜ. ಬಹಳ ಸಭೆಗಳಲ್ಲಿ ಫೋನ್, ಲ್ಯಾಪ್‌ಟಾಪ್ ಬಗ್ಗೆ ಅವರವರದೇ ಕ್ರಮ ಇರುತ್ತದೆ, ನಿನ್ನ ರೂಪಣಾ ನಿರ್ದೇಶಕಿಯನ್ನು ಕೇಳು. ಆದರೆ ನಾನು ಕಂಡದ್ದನ್ನು ಹೇಳುತ್ತೇನೆ. ಹೊರಗಿನ ಕೆಲಸದ ಒಂದು ಎಳೆಯನ್ನು ಹಿಡಿದೇ ಒಳಗೆ ಬಂದವರಲ್ಲಿ, ಒಳಗೆ ಕಷ್ಟವಾದ ದಿನವೆಲ್ಲ ಆ ಎಳೆ ಬಿಗಿಯಾಗುತ್ತದೆ. ಪ್ರಾರ್ಥನೆ ಒಣಗಿದ ಹೊತ್ತಿನಲ್ಲಿ ‘ಅಲ್ಲಿ ನಾನು ಬೇಕಾದವಳು’ ಅನ್ನುವ ಯೋಚನೆ ಎಷ್ಟು ಸಿಹಿ ಅಂತ ನಿನಗೆ ಇನ್ನೂ ಗೊತ್ತಿಲ್ಲ. ಪೂರ್ತಿ ಬಿಡು. ಬಿಟ್ಟ ಮೇಲೆ ಏನು ಉಳಿಯುತ್ತದೋ ನೋಡು, ಆ ಹಂತ ಇರುವುದೇ ಅದಕ್ಕೆ.

ನೀಲಿಶಾಯಿ

ತಡರಾತ್ರಿ, ದಣಿವಿನ ಪ್ರಶ್ನೆ ನನ್ನ ಮಾರ್ಗದರ್ಶಿ ಗುರುಗಳು ನಿಮಗಿಂತ ಮೊದಲೇ ಕೇಳಿದ್ದಾರೆ. ನಮ್ಮಲ್ಲಿ ಯೇಸುಸಭೆಯನ್ನು ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲಾ ಹಾಕಿಕೊಟ್ಟ ನಿಯಮವೊಂದಿದೆ. ಮನಸ್ಸು ಬತ್ತಿ ಕತ್ತಲು ಕವಿದಾಗ ಹೊಸ ನಿರ್ಧಾರ ಮಾಡಬಾರದು, ಅದಕ್ಕೆ ಮೊದಲು ತೆಗೆದುಕೊಂಡ ನಿರ್ಧಾರದಲ್ಲೇ ನಿಲ್ಲಬೇಕು. ಇಲ್ಲಿ ಬೇಸರ ಮಿತಿಮೀರಿದ್ದ ದಿನಗಳಲ್ಲಿ ‘ಕಾನ್ವೆಂಟಿಗೆ ಹೋಗಿಬಿಡ್ತೀನಿ’ ಅಂದಾಗ ಗುರುಗಳು ಒಪ್ಪಲೇ ಇಲ್ಲ. ‘ಓಡಿಹೋಗುವವರಿಗೆ ಅಲ್ಲಿ ಜಾಗವಿಲ್ಲ, ಕೆಲಸ ಚೆನ್ನಾಗಿ ನಡೆಯುವಾಗಲೂ ಹೀಗೇ ಅನ್ನಿಸಿದರೆ ಬಾ’ ಅಂದರು. ಈಗ ಕೆಲಸ ಚೆನ್ನಾಗಿಯೇ ನಡೀತಿದೆ. ಬಿಡುವುದು ಕಷ್ಟವಾಗ್ತಿರುವುದೂ ಅದಕ್ಕೇ.

ಲಾಭದ ಪ್ರಶ್ನೆಗೆ ನಿಮಗೆ ತೃಪ್ತಿಯಾಗುವ ಉತ್ತರ ಇಲ್ಲ. ಹೆಚ್ಚು ಸೇವೆ ಮಾಡಬಹುದು ಅಂತ ಹೋಗುತ್ತಿಲ್ಲ. ಇಲ್ಲಿ ನಾನು ನನ್ನ ಸಮಯ ಕೊಟ್ಟೆ. ಎಷ್ಟು ಕೊಡಬೇಕು, ಯಾವಾಗ ನಿಲ್ಲಿಸಬೇಕು ಅನ್ನುವುದು ನನ್ನ ಕೈಯಲ್ಲೇ ಇತ್ತು. ಆ ಹಿಡಿತವನ್ನೇ ದೇವರಿಗೆ ಬಿಟ್ಟುಕೊಡು ಅಂತ ಕೇಳಿದ ಹಾಗಿದೆ. ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ಹಿತ್ತಲಗಿಡ

ಈ ಎಳೆಯಲ್ಲಿ ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನಾನು ಹೋಗಿ ವಾಪಸ್ ಬಂದವನು. ಹಳಬರಿಗೆ ನೆನಪಿರಬಹುದು, ನಡುವೆ ನಾಪತ್ತೆಯಾಗಿದ್ದೆ. ಎಲ್ಲಿಗೆ ಹೋಗಿದ್ದೆ ಅಂತ ಯಾರಿಗೂ ಹೇಳಿರಲಿಲ್ಲ. ಒಂದು ಸನ್ಯಾಸಿ ಸಭೆಯಲ್ಲಿ ನವಶಿಷ್ಯನಾಗಿದ್ದೆ, ವ್ರತದ ತನಕ ಹೋಗಲಿಲ್ಲ.

ಹೊರಗಿನವರಿಗೆ ಅದು ಸೋತು ಬಂದ ಹಾಗೆ ಕಾಣುತ್ತದೆ. ಒಳಗೆ ಹಾಗಿಲ್ಲ. ನೊವಿಶಿಯೇಟ್ ಅಂದರೇ ಪರೀಕ್ಷೆಯ ಕಾಲ, ಎರಡೂ ಕಡೆಯಿಂದ. ಸಂತ ಬೆನೆಡಿಕ್ಟರು ಸನ್ಯಾಸಿಗಳಿಗೆ ಬರೆದ ನಿಯಮಾವಳಿಯ 58ನೇ ಅಧ್ಯಾಯ ಶುರುವಾಗುವುದೇ ಹೊಸಬರಿಗೆ ಸುಲಭದಲ್ಲಿ ಪ್ರವೇಶ ಕೊಡಬೇಡಿ ಅನ್ನುವ ಮಾತಿನಿಂದ. ಬಾಗಿಲು ತಟ್ಟಿದವನನ್ನು ನಾಲ್ಕೈದು ದಿನ ಹೊರಗೇ ಕಾಯಿಸಿ. ಒಳಗೆ ಬಂದ ಮೇಲೂ ಎರಡು ತಿಂಗಳಾದಾಗ ಒಂದು ಸಲ, ಅದಾಗಿ ಆರು ತಿಂಗಳಿಗೆ, ಮತ್ತೆ ನಾಲ್ಕು ತಿಂಗಳಿಗೆ ನಿಯಮವನ್ನು ಪೂರ್ತಿ ಓದಿ ಹೇಳಿ. ಪಾಲಿಸಬಲ್ಲೆಯಾದರೆ ಇರು, ಆಗದಿದ್ದರೆ ಹೋಗಲು ಸ್ವತಂತ್ರ ಅನ್ನಿ. ಆರನೇ ಶತಮಾನದ ಬರಹ ಅದು. ನಾನು ಹೊರಟ ದಿನ ನಮ್ಮ ನೊವಿಸ್ ಮಾಸ್ಟರ್ (ನವಶಿಷ್ಯರ ತರಬೇತಿ ನೋಡಿಕೊಳ್ಳುವವರು) ಬಾಗಿಲ ತನಕ ಬಂದು ಪೆಟ್ಟಿಗೆ ಎತ್ತಿಕೊಟ್ಟರು. ಬೈಗುಳ ಇಲ್ಲ, ಉಪದೇಶ ಇಲ್ಲ. ತಲುಪಿದ ಮೇಲೆ ಫೋನ್ ಮಾಡು ಅಂದರು.

ಕಷ್ಟವಾದದ್ದು ಈ ಕಡೆಯದು. ನಾನು ಹೋಗುವಾಗ ಆಗಿನ ತಂಡದವರು ಪ್ರೀತಿಯಿಂದಲೇ ‘ನಿನ್ನ ಜಾಗ ಹಾಗೇ ಇಟ್ಟಿರ್ತೀವಿ’ ಅಂದಿದ್ದರು. ಬೇರೆ ಯೋಜನೆ, ಬೇರೆ ತಂಡ, ಇಲ್ಲಿಯದಲ್ಲ. ಆ ಮಾತು ಒಳಗಿದ್ದಷ್ಟು ದಿನವೂ ನನ್ನನ್ನು ಕಾಡಿತು. ಒಮ್ಮೆ ಅದು ಹಗ್ಗದ ಹಾಗೆ ಎಳೆಯುವುದು, ಇನ್ನೊಮ್ಮೆ ಸಾಲದ ಹಾಗೆ ಚುಚ್ಚುವುದು. ಅವರೆಲ್ಲ ನನಗಾಗಿ ಕಾಯುತ್ತಿದ್ದಾರೆ, ನಾನು ಇಲ್ಲಿ ಜಗಲಿ ಗುಡಿಸುತ್ತಿದ್ದೇನೆ! ವಾಪಸ್ ಬಂದಾಗ ನೋಡಿದರೆ ಜಾಗ ನಿಜವಾಗಿಯೂ ಖಾಲಿ ಇತ್ತು. ನನ್ನ ಹೆಸರಿನ ಮುಂದೆ ‘ನಿರ್ವಾಹಕ’ ಅಂತಲೇ ಇತ್ತು. ಅಷ್ಟು ಕಾಲ ಆ ಕೆಲಸವನ್ನು ಯಾರೂ ಮಾಡಿರಲಿಲ್ಲ, ಉತ್ತರವಿಲ್ಲದ ಸಂದೇಶಗಳು ಗುಡ್ಡೆ ಬಿದ್ದಿದ್ದವು. ಅರ್ಧ ಜನ ಯೋಜನೆಯನ್ನೇ ಬಿಟ್ಟುಹೋಗಿದ್ದರು.

ಹಾಗಾಗಿ ನೀಲಿಶಾಯಿ ಅವರಿಗೆ ಹೇಳುವುದಕ್ಕಿಂತ ನಿಮಗೆಲ್ಲ ಹೇಳುವುದೇ ಹೆಚ್ಚಿದೆ. ಅವರ ಜಾಗವನ್ನು ಖಾಲಿ ಇಡಬೇಡಿ. ಬೇರೆಯವರನ್ನು ಕೂರಿಸಿ, ಹೆಸರನ್ನೂ ಬದಲಿಸಿ. ನಾಳೆ ಅವರು ವಾಪಸ್ ಬಂದರೆ ಹೊಸಬರು ಬರುವ ಬಾಗಿಲಿನಿಂದಲೇ ಬರಲಿ, ಒಂದು ಕಾಗುಣಿತ ತಿದ್ದಿಕೊಡುವುದರಿಂದ ಶುರುಮಾಡಲಿ. ನಾನು ಇಲ್ಲಿಗೆ ಬಂದದ್ದು ಹಾಗೆಯೇ. ‘ಎಲ್ಲಿಗೆ ಹೋಗಿದ್ದೆ’ ಅಂತ ನೀವ್ಯಾರೂ ಕೇಳಲಿಲ್ಲ, ಅದೇ ದೊಡ್ಡ ಉಪಕಾರ.

ತಡರಾತ್ರಿ

ಹಿತ್ತಲಗಿಡ, ಬರೆದದ್ದಕ್ಕೆ ಥ್ಯಾಂಕ್ಸ್. ಕೇಳ್ಬೇಕಾದ್ದು ಇನ್ನೊಂದಿದೆ. ಹತ್ತು ವರ್ಷ ಅಲ್ಲಿ ದುಡಿದು ಆಮೇಲೆ ಹೊರಗೆ ಬಂದ್ರೆ ಕೈಗೇನು ಸಿಗುತ್ತೆ? ಭವಿಷ್ಯ ನಿಧಿ ಇರಲ್ಲ, ನೌಕರಿ ಅನುಭವ ಅಂತ ತೋರಿಸೋಕೆ ಕಾಗದ ಇರಲ್ಲ. ಒಳ್ಳೇ ಮನಸ್ಸಿನೋರು ಮೋಸ ಹೋಗೋದು ಇಂಥಲ್ಲೇ.

ಎಣ್ಣೆದೀಪ

ಕೇಳಬೇಕಾದ ಪ್ರಶ್ನೆಯೇ. ಸಂಹಿತೆಯ 702ನೇ ವಿಧಿಯಲ್ಲಿ ಎರಡು ಮಾತಿದೆ. ಬಿಟ್ಟುಹೋಗುವವರು ಸಭೆಯಲ್ಲಿ ಮಾಡಿದ ಕೆಲಸಕ್ಕೆ ಹಕ್ಕಿನಿಂದ ಏನೂ ಕೇಳುವಂತಿಲ್ಲ. ಆದರೆ ಸಭೆ ಅವರ ಜೊತೆ ನ್ಯಾಯದಿಂದ, ಪ್ರೀತಿಯಿಂದ ನಡೆದುಕೊಳ್ಳಬೇಕು. ಎರಡನೆಯದನ್ನು ಎಲ್ಲ ಸಭೆಗಳೂ ಒಂದೇ ಸಮನೆ ಪಾಲಿಸುತ್ತವೆ ಅಂತ ನಾನು ಪ್ರಮಾಣ ಮಾಡಿ ಹೇಳಲಾರೆ. ಸೇರುವ ಮೊದಲೇ ‘ಹೊರಟುಹೋದವರನ್ನು ಹೇಗೆ ನೋಡಿಕೊಂಡಿದ್ದೀರಿ?’ ಎಂದು ಕೇಳುವುದು ತಪ್ಪಲ್ಲ. ಆ ಪ್ರಶ್ನೆಗೆ ಮುಖ ಸಿಂಡರಿಸುವ ಸಭೆಯಾದರೆ ಸೇರಬೇಡ.

ಆಸ್ತಿಯ ಮಾತೂ ಇದೆ. ಮೊದಲ ವ್ರತಕ್ಕೆ ಮುಂಚೆ ತನ್ನ ಆಸ್ತಿಯ ಆಡಳಿತವನ್ನು ಬೇರೊಬ್ಬರಿಗೆ ವಹಿಸಬೇಕು, ಆದರೆ ಒಡೆತನ ಹೋಗುವುದಿಲ್ಲ. ಶಾಶ್ವತ ವ್ರತಕ್ಕೆ ಮುಂಚೆ ಉಯಿಲು ಬರೆಯಬೇಕು. ಅಂದರೆ ಸೇರಿದ ದಿನವೇ ಇದ್ದದ್ದನ್ನೆಲ್ಲ ಸಭೆಗೆ ಬರೆದುಕೊಡುವ ಪದ್ಧತಿ ಕಾನೂನಿನಲ್ಲಿ ಇಲ್ಲ. ಯಾರಾದರೂ ಹಾಗೆ ಕೇಳಿದರೆ ಅನುಮಾನಪಡು.

ದೊಡ್ಡಕ್ಷರ

ಖಾತೆಯ ಇನ್ನೊಂದು ಸಹಿ ನನ್ನದು. ಸಿಸ್ಟರ್ ಹೇಳಿದ ಮೇಲೆ ಆ ಸಂಹಿತೆಯನ್ನು ನಾನೂ ತೆರೆದು ನೋಡಿದೆ, ಕಾನೂನು ಓದುವುದು ನನ್ನ ಚಟ. 285ನೇ ವಿಧಿಯ ಪ್ರಕಾರ ಯಾಜಕರು ಲೆಕ್ಕ ಒಪ್ಪಿಸಬೇಕಾದ ಲೌಕಿಕ ಹುದ್ದೆಗಳನ್ನಾಗಲಿ, ಹೊರಗಿನವರ ಹಣಕಾಸಿನ ಆಡಳಿತವನ್ನಾಗಲಿ ಅಪ್ಪಣೆಯಿಲ್ಲದೆ ವಹಿಸಿಕೊಳ್ಳಬಾರದು. 672ನೇ ವಿಧಿ ಅದನ್ನು ಸಿಸ್ಟರ್, ಬ್ರದರ್‌ಗಳಿಗೂ ಅನ್ವಯಿಸುತ್ತದೆ. ಹಾಗಾಗಿ ಸಹಿಯ ವಿಷಯದಲ್ಲಿ ಚರ್ಚೆಗೆ ಜಾಗವೇ ಇಲ್ಲ, ಅದು ಮೊದಲು ಬದಲಾಗಬೇಕು.

ಬಿಡುಗಡೆ ಆಗಲಿ ಅಂತ ಕಾಯುವುದೂ ಬೇಡ. ಬ್ಯಾಂಕಿನವರು ಹಳೆಯ ಸಹಿದಾರರು ಖುದ್ದಾಗಿ ಬರಬೇಕು ಅಂದರೆ ಆಗ ನಿಮ್ಮನ್ನು ಎಲ್ಲಿಂದ ಕರೆಸೋಣ? ಈ ವಾರವೇ ನಿರ್ಣಯ ಬರೆದು ಕಳಿಸುತ್ತೇನೆ. ಇಲ್ಲಿಯವರೆಗಿನ ಲೆಕ್ಕವನ್ನೂ ಒಟ್ಟಿಗೆ ಪ್ರಕಟಿಸೋಣ. ನಿಮ್ಮ ಮೇಲೆ ಅನುಮಾನ ಅಂತಲ್ಲ. ಮುಂದೆ ಯಾರಾದರೂ ತಲೆಹರಟೆ ಮಾಡಿದರೆ ಉತ್ತರ ಹೇಳಲು ನೀವು ಸಿಗುವುದಿಲ್ಲ, ಅದಕ್ಕೆ.

ಅಲ್ಪಪ್ರಾಣ

ಎಲ್ಲರೂ ದೊಡ್ಡ ದೊಡ್ಡ ಮಾತಾಡ್ತಿದ್ದೀರಿ, ಸಂಯೋಜನೆ ನನ್ನ ತಲೆಗೇ ಬರುತ್ತೆ ಅಂತ ಗೊತ್ತಿರೋದರಿಂದ ನಾನು ಸಣ್ಣ ಮಾತಾಡ್ತೀನಿ. ಅಕ್ಕ, ಪದಪಟ್ಟಿ ನಿಮ್ಮ ತಲೆಯಲ್ಲಿದೆ. ಫೈಲಿನಲ್ಲಿ ಇರೋದು ಫಲಿತಾಂಶ ಮಾತ್ರ. ‘ಉಳಿಸು’, ‘ಕಾಪಿಡು’ ಎರಡರಲ್ಲಿ ಯಾವುದನ್ನ ಯಾಕೆ ಆರಿಸಿದಿರಿ, ಗುಂಡಿಯ ಮೇಲೆ ‘ಅಳಿಸಿ’ ಬೇಕೋ ‘ಅಳಿಸು’ ಬೇಕೋ ಅನ್ನೋ ಜಗಳ ಹೇಗೆ ಮುಗೀತು, ಇದೆಲ್ಲ ಎಲ್ಲೂ ಬರೆದಿಲ್ಲ. ನೀವು ಹೋದ ಮರುವಾರವೇ ಯಾರೋ ಹೊಸಬರು ಬಂದು ಅದೇ ಜಗಳ ತೆಗೀತಾರೆ, ನನ್ನ ಹತ್ತಿರ ಉತ್ತರ ಇರಲ್ಲ.

ಪರಿಶೀಲನೆಯ ಹಕ್ಕು ಇಟ್ಟುಕೊಳ್ಳೋ ಬಗ್ಗೆ ನನ್ನ ಸ್ವಾರ್ಥದ ಉತ್ತರ: ಇಟ್ಟುಕೊಳ್ಳಿ. ಪ್ರಾಮಾಣಿಕ ಉತ್ತರ: ಬೇಡ. ನೀವಿದ್ದೀರಿ ಅಂತ ಗೊತ್ತಿದ್ದರೆ ಕಷ್ಟದ ಸಾಲುಗಳನ್ನೆಲ್ಲ ನಾವು ನಿಮಗೇ ಬಿಡ್ತೀವಿ. ಈಗ ಮಾಡ್ತಿರೋದೂ ಅದನ್ನೇ.

ನೀಲಿಶಾಯಿ

ಅಲ್ಪಪ್ರಾಣನ ಕೊನೆಯ ಸಾಲು ಓದಿ ನಗು ಬಂತು, ಸಿಟ್ಟೂ ಬಂತು. ಅಂದರೆ ಸರಿಯಾಗಿಯೇ ತಗುಲಿದೆ.

ಧ್ಯಾನಕೂಟದಲ್ಲಿ ಇಗ್ನೇಷಿಯಸರ ಇನ್ನೊಂದು ಉಪಾಯ ಕಲಿಸಿದ್ದರು. ನಿರ್ಧಾರ ಕೈಗೆ ಸಿಗದಿದ್ದಾಗ, ನೀನು ಮುಖವನ್ನೇ ನೋಡಿರದ ಒಬ್ಬ ವ್ಯಕ್ತಿ ಇದೇ ಸಂಕಟ ತಂದು ನಿನ್ನ ಮುಂದೆ ಇಟ್ಟರೆ ಏನು ಹೇಳುತ್ತೀಯೋ ಅದನ್ನೇ ನೀನೂ ಮಾಡು. ನಿಮ್ಮಲ್ಲಿ ಬಹುಪಾಲು ಜನರ ಮುಖ ನಾನು ನೋಡಿಲ್ಲ. ನಿಮ್ಮಲ್ಲೊಬ್ಬರು ಇದೇ ಪ್ರಶ್ನೆ ಕೇಳಿದ್ದರೆ ‘ಎರಡು ದೋಣಿಯ ಮೇಲೆ ಕಾಲಿಡಬೇಡ ಮಾರಾಯಾ’ ಅನ್ನುತ್ತಿದ್ದೆ. ಪರಿಶೀಲನೆಯ ಹಕ್ಕನ್ನೂ ಬಿಡುತ್ತೇನೆ.

ಬಿಡುಗಡೆಯ ತನಕ ಮಾಡುವುದು ಇಷ್ಟು. ಪ್ರತಿ ಸಂಜೆ ಒಂದಿಷ್ಟು ಪದಗಳ ಹಿನ್ನೆಲೆ ಬರೆದು ಪದಪಟ್ಟಿಗೆ ಸೇರಿಸುತ್ತೇನೆ, ಜಗಳದ ಇತಿಹಾಸ ಸಮೇತ. ‘ಅಳಿಸಿ’ಗೆ ನಾನು ವಿರುದ್ಧವಾಗಿದ್ದೆ, ಬಹುಮತಕ್ಕೆ ತಲೆಬಾಗಿದೆ ಅಂತಲೂ ದಾಖಲಿಸುತ್ತೇನೆ. ವೇದಿಕೆಯಲ್ಲಿ ಕಿರಿಕಿರಿ ಮಾಡುವ ಸದಸ್ಯರ ಬಗ್ಗೆ ನನ್ನ ಖಾಸಗಿ ಟಿಪ್ಪಣಿಗಳನ್ನು ಮಾತ್ರ ಯಾರಿಗೂ ಕೊಡುವುದಿಲ್ಲ, ಅಳಿಸುತ್ತೇನೆ. ಹೊಸ ನಿರ್ವಾಹಕರು ಅವರನ್ನು ಹೊಸ ಕಣ್ಣಿನಿಂದ ನೋಡಲಿ. ದೊಡ್ಡಕ್ಷರ ಸರ್, ಬ್ಯಾಂಕಿಗೆ ಯಾವತ್ತು ಹೇಳಿದರೂ ಬರುತ್ತೇನೆ.

ಎಣ್ಣೆದೀಪ ಸಿಸ್ಟರ್, ಹೊರಟುಹೋದವರ ಪ್ರಶ್ನೆಯನ್ನು ನಮ್ಮ ನಿರ್ದೇಶಕಿಗೆ ನಿನ್ನೆ ಫೋನಿನಲ್ಲಿ ಕೇಳಿದೆ. ಮುಖ ಸಿಂಡರಿಸಿದರೋ ಇಲ್ಲವೋ ಕಾಣಲಿಲ್ಲ, ಆದರೆ ಹಾಗೆ ಹೋದ ಒಬ್ಬರ ಜೊತೆ ಮಾತಾಡಿಸುತ್ತೇನೆ ಅಂದರು.

ತಡರಾತ್ರಿ

ನನಗಿನ್ನೂ ಒಪ್ಪಿಗೆ ಇಲ್ಲ. ಅದು ಹಾಗೇ ಇರಲಿ. ವೇದಿಕೆಯ ನಿರ್ವಹಣೆ ನಾನು ನೋಡ್ಕೋತೀನಿ, ಹೇಗೂ ರಾತ್ರಿ ಎಚ್ಚರ ಇರ್ತೀನಿ. ಇನ್ನೊಬ್ಬರು ಜೊತೆಗಿರಬೇಕು, ಒಬ್ಬನ ಕೈಗೆ ಎಲ್ಲ ಕೀಲಿ ಕೊಟ್ಟರೆ ಮುಂದೆ ಇದೇ ರಾಮಾಯಣ.

ಕೀಲಿಮಣೆ

ಡೊಮೇನ್ ನೋಡಿದೆ. ಅಕ್ಕನ ಹೆಸರಿನಲ್ಲೇ ಇದೆ, ಒಟಿಪಿ ಬರೋದೂ ಅವರ ಫೋನಿಗೇ. ಆ ಸಿಮ್ ನೀವು ವಾಪಸ್ ಕೊಡೋ ಮೊದಲು ವರ್ಗಾವಣೆ ಮುಗೀಬೇಕು. ಶನಿವಾರ ಸಂಜೆ ಕರೆ ಮಾಡ್ತೀನಿ, ಅರ್ಧ ಗಂಟೆ ಸಾಕು. ಸರ್ವರಿನ ಪಾಸ್‌ವರ್ಡುಗಳನ್ನ ಎಲ್ಲೂ ಬರೆದು ಕಳಿಸಬೇಡಿ. ನಿಮ್ಮ ಕೀಲಿಯನ್ನ ನಾನೇ ತೆಗೆದು ಹೊಸಬರದ್ದು ಸೇರಿಸ್ತೀನಿ.

ಕಂಬಳಿಹುಳ

ತಡರಾತ್ರಿ ಜೊತೆಗೆ ಎರಡನೇ ನಿರ್ವಾಹಕ ನಾನಾಗುತ್ತೇನೆ. ಹಗಲು ನನ್ನದು.

ಅಲ್ಪಪ್ರಾಣ

ಹಾಗಾದರೆ ಸಂಯೋಜನೆ ನನಗೇ ಅಂಟಿಕೊಂಡಿತು. ಸರಿ. ಬಿಡುಗಡೆಗೆ ಮುಂಚೆ ಪರಿಶೀಲನೆಯ ಸರತಿಯಲ್ಲಿ ಮುದ್ರಣ ಸಂವಾದದ (ಪ್ರಿಂಟ್ ಡೈಲಾಗ್) ಸಾಲುಗಳು ಇನ್ನೂ ಬಾಕಿ ಇವೆ. ಈ ಸಲ ಅಕ್ಕ ಮುಟ್ಟೋದು ಬೇಡ. ಹಿತ್ತಲಗಿಡ, ನೀವು ಮೊದಲರ್ಧ ನೋಡ್ತೀರಾ? ಉಳಿದದ್ದು ನನಗಿರಲಿ.